ವಾಹನದ ಗಾಜಿಗೆ ಫಿಲ್ಮ್: ಕಾನೂನು ಅಳೆಯುವುದು ಯಾವುದನ್ನು?

ಮೋಟಾರು ವಾಹನಗಳ ಗಾಜಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸುವ ಕೆಲಸವು ನಮ್ಮ ರಾಜ್ಯದ ಬಹುತೇಕ ಪಟ್ಟಣಗಳಲ್ಲಿ ನಡೆಯುತ್ತಿರುವ ಸಣ್ಣ ಉದ್ಯಮ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಮಳಿಗೆಗಳಿಂದ ಹಿಡಿದು ತಾಲ್ಲೂಕು ಕೇಂದ್ರದ ಒಂದೇ ಬಾಗಿಲಿನ ಕಾರ್ ಡೆಕೋರ್ ಅಂಗಡಿಯವರೆಗೆ ಅನೇಕ ಕುಟುಂಬಗಳ ಜೀವನೋಪಾಯವು ಇದನ್ನು ಅವಲಂಬಿಸಿದೆ. ಆದರೆ ಈ ವ್ಯಾಪಾರಕ್ಕೆ ಸಂಬಂಧಿಸಿದ ಕಾನೂನನ್ನು ಕುರಿತು ಅಂಗಡಿಯಲ್ಲಿ ಒಂದು ಮಾತು, ರಸ್ತೆಯಲ್ಲಿ ಇನ್ನೊಂದು ಮಾತು, ಗ್ರಾಹಕರ ಬಾಯಲ್ಲಿ ಮತ್ತೊಂದು ಮಾತು ಕೇಳಿಬರುತ್ತದೆ. 'ಐವತ್ತರ ಫಿಲ್ಮ್ ಹಾಕಿದರೆ ತೊಂದರೆಯಿಲ್ಲ' ಎಂದು ಕೆಲವರೂ, 'ಯಾವ ಫಿಲ್ಮನ್ನೂ ಹಾಕುವಂತಿಲ್ಲ' ಎಂದು ಕೆಲವರೂ, 'ಈಗ ಎಲ್ಲವೂ ಮುಕ್ತವಾಗಿದೆ' ಎಂದು ಮತ್ತೆ ಕೆಲವರೂ ಹೇಳುವುದುಂಟು. ಮೂರು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ; ಅರ್ಧ ಸತ್ಯವನ್ನು ನಂಬಿ ಬಂಡವಾಳ ಹೂಡುವುದು ವ್ಯಾಪಾರಿಗೆ ಕ್ಷೇಮಕರವಲ್ಲ.

ಇದಕ್ಕೆ 2012ರ ಅನುಭವವೇ ಸಾಕ್ಷಿ. ಆ ವರ್ಷದ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಕಪ್ಪು ಫಿಲ್ಮುಗಳ ಬಳಕೆಯನ್ನು ದೇಶದಾದ್ಯಂತ ನಿಷೇಧಿಸಿತು. ಆದೇಶವು ಮೇ 4ರಿಂದಲೇ ಜಾರಿಗೆ ಬಂದಿತು. ಕಪಾಟಿನಲ್ಲಿದ್ದ ಸರಕನ್ನು ವಿಲೇವಾರಿ ಮಾಡಲು ವರ್ತಕರಿಗೆ ದೊರೆತದ್ದು ಒಂದು ವಾರ ಮಾತ್ರ. ಕಾನೂನು ನಿಂತಿರುವ ನೆಲೆಯನ್ನು ಅರಿಯದೆ ದಾಸ್ತಾನು ಮಾಡಿದವರಿಗೆ ಒದಗಬಹುದಾದ ನಷ್ಟವನ್ನು ಇದರಿಂದ ಊಹಿಸಬಹುದು. ಆದುದರಿಂದ ಈ ವಿಷಯವನ್ನು ಮೂಲ ನಿಯಮದಿಂದ ಆರಂಭಿಸಿ ಹಂತಹಂತವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಮೂಲ ನಿಯಮ

ವಾಹನಗಳ ರಚನೆ, ಸಲಕರಣೆ ಮತ್ತು ನಿರ್ವಹಣೆಯ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 110ನೇ ಪ್ರಕರಣವು ಕೇಂದ್ರ ಸರ್ಕಾರಕ್ಕೆ ನೀಡಿದೆ. ಈ ಅಧಿಕಾರದನ್ವಯ 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ರಚಿತವಾದವು. ಅವುಗಳಲ್ಲಿ 100ನೇ ನಿಯಮವು ಗಾಜಿಗೆ ಸಂಬಂಧಿಸಿದುದಾಗಿದೆ. ಅದರ ಸಾರಾಂಶ ಹೀಗಿದೆ:

ಅ) ಕೃಷಿ ಟ್ರ್ಯಾಕ್ಟರುಗಳ ಹೊರತು ಉಳಿದ ಮೋಟಾರು ವಾಹನಗಳ ಗಾಜುಗಳು ಸುರಕ್ಷತಾ ಗಾಜುಗಳಾಗಿರಬೇಕು.

ಆ) ಮುಂಭಾಗದ ಮತ್ತು ಹಿಂಭಾಗದ ಗಾಜುಗಳ ಮೂಲಕ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕು.

ಇ) ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ. 50ರಷ್ಟು ಬೆಳಕು ಹಾಯಬೇಕು.

ಈ) ಗಾಜುಗಳು ಐ.ಎಸ್. 2553, ಭಾಗ 2 ಎಂಬ ಭಾರತೀಯ ಮಾನಕಕ್ಕೆ ಅನುಗುಣವಾಗಿರಬೇಕು.

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ಹಿಂಭಾಗದ ಗಾಜಿಗೆ ಇರುವ ಮಿತಿ ಶೇ. 50 ಅಲ್ಲ, ಶೇ. 70. 'ಹಿಂದಿನ ಗಾಜಿಗೆ ಎಷ್ಟು ಕಪ್ಪಾದರೂ ನಡೆಯುತ್ತದೆ' ಎಂಬ ವಾಡಿಕೆಯ ಮಾತಿಗೆ ನಿಯಮದಲ್ಲಿ ಆಧಾರವಿಲ್ಲ. ಎರಡನೆಯದು, ಗಾಜು ಆ ಗುಣದ್ದಾಗಿದ್ದರಷ್ಟೇ ಸಾಲದು, ಅದೇ ಸ್ಥಿತಿಯಲ್ಲಿ ಅದನ್ನು ಕಾಪಾಡಿಕೊಂಡು ಬರಬೇಕು ಎಂದು ನಿಯಮ ಹೇಳುತ್ತದೆ. ಕಾರ್ಖಾನೆಯಿಂದ ಹೊರಬಂದ ದಿನದಂದು ಮಾತ್ರವಲ್ಲ, ವಾಹನವು ರಸ್ತೆಯಲ್ಲಿರುವವರೆಗೂ ಈ ಪ್ರಮಾಣ ಉಳಿದಿರಬೇಕು. ಇದರೊಂದಿಗೆ 92ನೇ ನಿಯಮವನ್ನು ಓದಿಕೊಂಡರೆ, ಈ ಅಧ್ಯಾಯದ ನಿಯಮಗಳಿಗೆ ಹೊಂದದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸುವುದಾಗಲಿ, ಬಳಸಲು ಬಿಡುವುದಾಗಲಿ ಸಲ್ಲದು ಎಂಬುದು ಸ್ಪಷ್ಟವಾಗುತ್ತದೆ.

2. ಸುರಕ್ಷತಾ ಗಾಜು ಎಂದರೇನು?

ವಾಹನಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಗಾಜುಗಳು ಬಳಕೆಯಲ್ಲಿವೆ. ಮುಂಭಾಗದಲ್ಲಿ ಲ್ಯಾಮಿನೇಟೆಡ್ ಗಾಜು ಇರುತ್ತದೆ. ಎರಡು ಗಾಜಿನ ಹಾಳೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪದರವನ್ನು ಇರಿಸಿ ಶಾಖ ಮತ್ತು ಒತ್ತಡದಿಂದ ಬೆಸೆದು ಇದನ್ನು ತಯಾರಿಸುತ್ತಾರೆ. ಅಪಘಾತದಲ್ಲಿ ಬಿರುಕು ಬಿಟ್ಟರೂ ಚೂರುಗಳು ಆ ಪದರಕ್ಕೆ ಅಂಟಿಕೊಂಡಿರುತ್ತವೆ. ಪಕ್ಕದಲ್ಲಿಯೂ ಹಿಂಭಾಗದಲ್ಲಿಯೂ ಸಾಮಾನ್ಯವಾಗಿ ಟಫನ್ಡ್ ಗಾಜು ಇರುತ್ತದೆ. ಕಾಯಿಸಿ ಬೇಗನೆ ತಣಿಸಿದ ಈ ಗಾಜು ಒಡೆದಾಗ ಚೂಪಾದ ತುಂಡುಗಳಾಗದೆ ಸಣ್ಣ ಸಣ್ಣ ಹರಳುಗಳಂತೆ ಪುಡಿಯಾಗುತ್ತದೆ.

ಫಿಲ್ಮ್ ಅಂಟಿಸಿದ ಟಫನ್ಡ್ ಗಾಜು ಒಡೆದರೆ ಹರಳುಗಳು ಚೆಲ್ಲದೆ ಹಾಳೆಗೆ ಅಂಟಿ ನಿಲ್ಲುತ್ತವೆ. ಇದು ಒಂದು ಅನುಕೂಲ. ಆದರೆ ಅಪಘಾತದ ಸಮಯದಲ್ಲಿ ಪಕ್ಕದ ಗಾಜನ್ನು ಒಡೆದು ಒಳಗಿರುವವರನ್ನು ಹೊರಗೆಳೆಯಬೇಕಾದರೆ ಅದೇ ಹಾಳೆ ಅಡ್ಡಿಯಾಗಬಹುದು. ಗ್ರಾಹಕರಿಗೆ ಮೊದಲನೆಯ ಮಾತನ್ನು ಹೇಳುವವರು ಎರಡನೆಯದನ್ನೂ ಹೇಳುವುದು ನ್ಯಾಯ.

3. 2012ರ ಸುಪ್ರೀಂ ಕೋರ್ಟ್ ತೀರ್ಪು

ಅವಿಷೇಕ್ ಗೋಯೆಂಕಾ ವಿರುದ್ಧ ಭಾರತ ಒಕ್ಕೂಟ ಎಂಬ ಪ್ರಕರಣವು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದ ಉದ್ಭವಿಸಿತು. ಕಪ್ಪು ಗಾಜಿನ ವಾಹನಗಳು ಅಪರಾಧಗಳಿಗೆ ಮರೆಯಾಗುತ್ತಿವೆ, ರಾತ್ರಿ ಚಾಲನೆಯಲ್ಲಿ ಅಪಾಯ ತರುತ್ತಿವೆ ಎಂಬುದು ಅರ್ಜಿಯ ಮುಖ್ಯ ದೂರು. ಅಂದಿನ ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರ ನೇತೃತ್ವದ ಮೂವರು ನ್ಯಾಯಮೂರ್ತಿಗಳ ಪೀಠವು ಇದನ್ನು ವಿಚಾರಣೆ ಮಾಡಿತು.

ನ್ಯಾಯಾಲಯವು ಹೊಸ ನಿಯಮವನ್ನು ರಚಿಸಲಿಲ್ಲ. ಇದ್ದ 100ನೇ ನಿಯಮವನ್ನೇ ಅರ್ಥೈಸಿತು. ನಿಯಮವು ಹೇಳುವುದು ಗಾಜಿನ ಬಗ್ಗೆ. ನಿಗದಿತ ಪ್ರಮಾಣದ ಬೆಳಕು ಹಾಯುವಂತೆ ಗಾಜನ್ನೇ ತಯಾರಿಸಬೇಕು, ಹಾಗೆಯೇ ಉಳಿಸಿಕೊಳ್ಳಬೇಕು. ತಯಾರಾದ ಗಾಜಿನ ಮೇಲೆ ಬೇರೊಂದು ವಸ್ತುವನ್ನು ಅಂಟಿಸಲು ನಿಯಮದಲ್ಲಿ ಅವಕಾಶವೇ ಇಲ್ಲ ಎಂಬುದು ತೀರ್ಪಿನ ತಿರುಳು. ಆದುದರಿಂದ ಎಷ್ಟೇ ಪ್ರಮಾಣದ ಬೆಳಕು ಹಾಯಿಸುವ ಕಪ್ಪು ಫಿಲ್ಮ್ ಆಗಲಿ, ಬೇರೆ ಯಾವುದೇ ವಸ್ತುವಾಗಲಿ ಗಾಜಿನ ಮೇಲೆ ಇರಕೂಡದೆಂದು ಆದೇಶವಾಯಿತು. ಉಲ್ಲಂಘಿಸಿದ ವಾಹನಗಳಿಗೆ ದಂಡ ವಿಧಿಸುವುದರೊಂದಿಗೆ ಫಿಲ್ಮನ್ನು ಸ್ಥಳದಲ್ಲಿಯೇ ತೆಗೆದುಹಾಕಬೇಕೆಂದು ಪೊಲೀಸರಿಗೆ ಸೂಚಿಸಲಾಯಿತು. ಝಡ್ ಮತ್ತು ಝಡ್ ಪ್ಲಸ್ ಶ್ರೇಣಿಯ ಭದ್ರತೆ ಪಡೆದವರ ವಾಹನಗಳಿಗೆ ಮಾತ್ರ ವಿನಾಯಿತಿಯ ದಾರಿಯನ್ನು ಉಳಿಸಲಾಯಿತು.

ಫಿಲ್ಮ್ ಉದ್ಯಮದ ಪ್ರತಿನಿಧಿಗಳು ಸ್ಪಷ್ಟೀಕರಣ ಮತ್ತು ಮಾರ್ಪಾಡು ಕೋರಿ ಮತ್ತೆ ನ್ಯಾಯಾಲಯದ ಮುಂದೆ ಹೋದರು. 2012ರ ಆಗಸ್ಟ್ 3ರಂದು ನೀಡಿದ ಆದೇಶದಲ್ಲಿ ನ್ಯಾಯಾಲಯವು ತನ್ನ ನಿಲುವನ್ನು ಬದಲಿಸಲಿಲ್ಲ.

ಕಾರ್ಖಾನೆಯಲ್ಲಿಯೇ ಬಣ್ಣ ಬೆರೆಸಿ ತಯಾರಿಸಿದ ಗಾಜನ್ನು ಈ ತೀರ್ಪು ನಿಷೇಧಿಸಲಿಲ್ಲ ಎಂಬುದನ್ನು ಮರೆಯಬಾರದು. ನಿಗದಿತ ಪ್ರಮಾಣದ ಬೆಳಕು ಹಾಯುವವರೆಗೆ ತಿಳಿ ಹಸಿರಿನ ಅಥವಾ ಬೇರೆ ಬಣ್ಣದ ಗಾಜನ್ನು ತಯಾರಕರು ಅಳವಡಿಸಬಹುದು. ನಿಷೇಧವಾದದ್ದು ನಂತರ ಮೇಲಿನಿಂದ ಅಂಟಿಸುವುದು.

4. 2021ರ ತಿದ್ದುಪಡಿ ಮತ್ತು ಕೇರಳದ ತೀರ್ಪು

ತೀರ್ಪು ಬಂದ ಎಂಟು ವರ್ಷಗಳ ಬಳಿಕ ನಿಯಮವೇ ಬದಲಾಯಿತು. 2020ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ತಿದ್ದುಪಡಿಯು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರಂತೆ 100ನೇ ನಿಯಮದಲ್ಲಿ 'ಸುರಕ್ಷತಾ ಗಾಜು' ಎಂಬ ಮಾತಿನ ಜೊತೆಗೆ 'ಸುರಕ್ಷತಾ ಗ್ಲೇಜಿಂಗ್' ಎಂಬುದೂ ಸೇರಿತು. ಐ.ಎಸ್. 2553 ಭಾಗ 2ರ 2019ನೆಯ ಪರಿಷ್ಕೃತ ಆವೃತ್ತಿಯು ಅನ್ವಯಿಸುವ ಮಾನಕವಾಯಿತು. ಒಳಮೈಗೆ ಪ್ಲಾಸ್ಟಿಕ್ ಪದರವನ್ನು ಹೊಂದಿರುವ ಗಾಜು ಕೂಡ ಈ ಆವೃತ್ತಿಯ ಗ್ಲೇಜಿಂಗ್ ವ್ಯಾಪ್ತಿಗೆ ಬರುತ್ತದೆ. ಶೇ. 70 ಮತ್ತು ಶೇ. 50ರ ಮಿತಿಗಳಲ್ಲಿ ಮಾತ್ರ ಬದಲಾವಣೆಯಾಗಲಿಲ್ಲ.

ಈ ತಿದ್ದುಪಡಿಯ ಅರ್ಥವೇನೆಂಬ ಪ್ರಶ್ನೆ ಕೇರಳ ಹೈಕೋರ್ಟಿನ ಮುಂದೆ ಬಂದಿತು. ಫಿಲ್ಮ್ ತಯಾರಕರು, ಅದನ್ನು ಅಂಟಿಸುವ ಅಂಗಡಿಯವರು ಮತ್ತು ದಂಡಕ್ಕೆ ಗುರಿಯಾದ ವಾಹನ ಮಾಲೀಕರ ಅರ್ಜಿಗಳನ್ನು ನ್ಯಾಯಮೂರ್ತಿ ಎನ್. ನಗರೇಶ್ ಅವರು ವಿಚಾರಣೆ ಮಾಡಿ 2024ರ ಸೆಪ್ಟೆಂಬರಿನಲ್ಲಿ ತೀರ್ಪು ನೀಡಿದರು. ಸುಪ್ರೀಂ ಕೋರ್ಟಿನ ತೀರ್ಪು ತಿದ್ದುಪಡಿಗೆ ಮುಂಚಿನ ನಿಯಮವನ್ನು ಕುರಿತದ್ದು. ತಿದ್ದುಪಡಿಯ ನಂತರ, ಬೆಳಕಿನ ಮಿತಿಯನ್ನು ಮೀರದ ಫಿಲ್ಮನ್ನು ಒಳಮೈಗೆ ಅಂಟಿಸುವುದು ಅಪರಾಧವಲ್ಲ. ಹಾಗೆ ಮಾಡುವ ಹಕ್ಕು ವಾಹನ ತಯಾರಕರಿಗೆ ಮಾತ್ರ ಮೀಸಲಲ್ಲ ಎಂಬುದು ಆ ತೀರ್ಪಿನ ಸಾರ.

ಇದನ್ನು ಕೇಳಿದ ಕೂಡಲೇ 'ಫಿಲ್ಮಿಗೆ ಅನುಮತಿ ಸಿಕ್ಕಿತು' ಎಂಬ ಸುದ್ದಿ ಹಬ್ಬಿತು. ಸುದ್ದಿಯ ಎರಡನೆಯ ಭಾಗ ಅಷ್ಟಾಗಿ ಹಬ್ಬಲಿಲ್ಲ: ಅನುಮತಿ ಇರುವುದು ಶೇ. 70 ಮತ್ತು ಶೇ. 50ರ ಮಿತಿಯೊಳಗೆ ಮಾತ್ರ. ಒಳಗಿರುವವರ ಮುಖ ಕಾಣದಂತೆ ಮಾಡುವ ಗಾಢ ಕಪ್ಪು ಫಿಲ್ಮಿಗೆ ಆ ತೀರ್ಪಿನಲ್ಲಿಯೂ ಆಶ್ರಯವಿಲ್ಲ.

5. ಕರ್ನಾಟಕದ ವರ್ತಕರಿಗೆ ಇದರ ಅನ್ವಯ

ಒಂದು ಹೈಕೋರ್ಟಿನ ತೀರ್ಪು ತನ್ನ ವ್ಯಾಪ್ತಿಯ ರಾಜ್ಯದಲ್ಲಿ ಅಧಿಕಾರಿಗಳನ್ನು ಕಟ್ಟುಪಡಿಸುತ್ತದೆ. ಬೇರೆ ರಾಜ್ಯದ ನ್ಯಾಯಾಲಯಗಳು ಅದನ್ನು ಗೌರವದಿಂದ ಪರಿಶೀಲಿಸಬಹುದಾದರೂ ಅನುಸರಿಸಲೇಬೇಕೆಂಬ ಕಟ್ಟಳೆಯಿಲ್ಲ. ಸುಪ್ರೀಂ ಕೋರ್ಟಿನ ತೀರ್ಪಾದರೋ ದೇಶದ ಎಲ್ಲ ನ್ಯಾಯಾಲಯಗಳಿಗೂ ಅನ್ವಯಿಸುತ್ತದೆ. ಕಾಸರಗೋಡಿನಲ್ಲಿ ಫಿಲ್ಮ್ ಹಾಕಿಸಿಕೊಂಡ ಕಾರು ತಲಪಾಡಿ ಗಡಿಯನ್ನು ದಾಟಿ ಮಂಗಳೂರಿಗೆ ಬಂದಾಗ, ತಡೆದ ಅಧಿಕಾರಿಯು 2012ರ ಆದೇಶವನ್ನೇ ಮುಂದಿಡಬಹುದು. ಮಾಲೀಕನು 2021ರ ತಿದ್ದುಪಡಿಯನ್ನೂ ಕೇರಳದ ತೀರ್ಪಿನ ತರ್ಕವನ್ನೂ ಮುಂದಿಡಬಹುದು; ಆದರೆ ಆ ವಾದ ನಡೆಯಬೇಕಾದ ಸ್ಥಳ ನ್ಯಾಯಾಲಯ, ರಸ್ತೆಯ ಅಂಚಲ್ಲ.

ಆದುದರಿಂದ ನಮ್ಮ ರಾಜ್ಯದ ವರ್ತಕರು ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಕಾಣಬೇಕು. ಮಿತಿಗಿಂತ ಕಡಿಮೆ ಬೆಳಕು ಹಾಯಿಸುವ ಫಿಲ್ಮ್ ತಪ್ಪು ಎಂಬುದು ನಿರ್ವಿವಾದ. ಯಾವ ತೀರ್ಪನ್ನು ಹಿಡಿದರೂ ಅದು ತಪ್ಪೇ. ಮಿತಿಯೊಳಗಿನ ಫಿಲ್ಮ್ ಎಂಬುದು ತಿದ್ದುಪಡಿಯ ಬೆಂಬಲವಿರುವ, ಆದರೆ ಆಕ್ಷೇಪ ಎದುರಾಗಬಹುದಾದ ಕ್ಷೇತ್ರ. ಮೊದಲನೆಯದನ್ನು ಮಾರದಿರುವುದು ನಿಶ್ಚಿತ ಧರ್ಮ. ಎರಡನೆಯದನ್ನು ಮಾರುವಾಗ ಅಳತೆಯೂ ದಾಖಲೆಯೂ ಜೊತೆಗಿರಬೇಕು.

6. ಅಳತೆಯ ಲೆಕ್ಕ

ಇಡೀ ವಿಷಯದಲ್ಲಿ ಹೆಚ್ಚು ಜನರು ಎಡವುವುದು ಇಲ್ಲಿಯೇ. ಫಿಲ್ಮಿನ ಸುರುಳಿಯ ಮೇಲೆ 'ವಿ.ಎಲ್.ಟಿ. 50' ಎಂದು ಮುದ್ರಿತವಾಗಿದ್ದರೆ ಅದು ಫಿಲ್ಮಿನ ಗುಣ. ಕಾನೂನು ಅಳೆಯುವುದು ಫಿಲ್ಮನ್ನಲ್ಲ. ವಾಹನದಲ್ಲಿ ಇರುವ ಗಾಜನ್ನು, ಅಂದರೆ ಗಾಜು ಮತ್ತು ಫಿಲ್ಮ್ ಎರಡನ್ನೂ ದಾಟಿ ಬರುವ ಬೆಳಕನ್ನು. ಗಾಜು ತಾನೇ ಸ್ವಲ್ಪ ಬೆಳಕನ್ನು ತಡೆಯುತ್ತದೆ. ಉಳಿದ ಬೆಳಕಿನಲ್ಲಿ ಒಂದು ಪಾಲನ್ನು ಫಿಲ್ಮ್ ತಡೆಯುತ್ತದೆ. ಹೀಗಾಗಿ ಎರಡನ್ನೂ ಗುಣಿಸಿ ಲೆಕ್ಕ ಹಾಕಬೇಕು.

ಉದಾಹರಣೆಗೆ, ಬರಿಯ ಗಾಜಿನಲ್ಲಿ ಶೇ. 75ರಷ್ಟು ಬೆಳಕು ಹಾಯುತ್ತದೆ ಎಂದಿಟ್ಟುಕೊಳ್ಳೋಣ.

ಶೇ. 50ರ ಫಿಲ್ಮ್ ಹಾಕಿದರೆ: 75ರಲ್ಲಿ ಅರ್ಧ, ಅಂದರೆ ಶೇ. 37.5. ಪಕ್ಕದ ಗಾಜಿನ ಮಿತಿಗಿಂತ ಬಹಳ ಕಡಿಮೆ, ನಿಯಮಬಾಹಿರ.

ಶೇ. 70ರ ಫಿಲ್ಮ್ ಹಾಕಿದರೆ: ಶೇ. 52.5. ಪಕ್ಕದ ಗಾಜಿನ ಮಿತಿಯೊಳಗೆ. ಆದರೆ ಅಂತರ ಎರಡೂವರೆ ಅಂಶ ಮಾತ್ರ.

ಶೇ. 90ರ ಫಿಲ್ಮನ್ನು ಮುಂಭಾಗಕ್ಕೆ ಹಾಕಿದರೆ: ಶೇ. 67.5. ಬಹುತೇಕ ಪಾರದರ್ಶಕವಾಗಿ ಕಂಡರೂ ಶೇ. 70ರ ಮಿತಿಗೆ ಕಡಿಮೆ, ನಿಯಮಬಾಹಿರ.

ಇದನ್ನೇ ತಿರುಗಿಸಿ, ಬೇಕಾದ ಫಿಲ್ಮ್ ಯಾವುದೆಂದು ಮೊದಲೇ ಕಂಡುಕೊಳ್ಳಬಹುದು. ಮಿತಿಯನ್ನು ಬರಿಯ ಗಾಜಿನ ಅಳತೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಆಯಿತು. ಶೇ. 75ರ ಪಕ್ಕದ ಗಾಜಿಗೆ ಕನಿಷ್ಠ ಶೇ. 67ರ ಫಿಲ್ಮ್ ಬೇಕು. ಶೇ. 70ರ ಗಾಜಾದರೆ ಕನಿಷ್ಠ ಶೇ. 72ರ ಫಿಲ್ಮ್ ಬೇಕು. ಶೇ. 85ರಷ್ಟು ತಿಳಿಯಾದ ಗಾಜಾದರೆ ಶೇ. 59ರ ಫಿಲ್ಮ್ ಸಾಕು. ಶೇ. 75ರ ಮುಂಭಾಗದ ಗಾಜಿಗೆ ಶೇ. 94ರ ಫಿಲ್ಮ್ ಬೇಕಾಗುತ್ತದೆ. ಇದರರ್ಥ, ಮೊದಲೇ ಬಣ್ಣವಿರುವ ಮುಂಭಾಗದ ಹಾಗೂ ಹಿಂಭಾಗದ ಗಾಜುಗಳಿಗೆ ಏನನ್ನೂ ಅಂಟಿಸದಿರುವುದೇ ಲೇಸು.

ಇದು ಸ್ಥೂಲವಾದ ಲೆಕ್ಕ. ಮೇಲ್ಮೈಗಳ ಪ್ರತಿಫಲನ, ಫಿಲ್ಮಿನ ಗುಣಮಟ್ಟದ ಏರುಪೇರು ಮುಂತಾದವುಗಳಿಂದ ಒಂದೆರಡು ಅಂಶಗಳ ವ್ಯತ್ಯಾಸ ಬರಬಹುದು. ಆದ್ದರಿಂದ ಮಿತಿಗೆ ತೀರ ಸಮೀಪದ ಫಿಲ್ಮನ್ನು ಆರಿಸದೆ ನಾಲ್ಕೈದು ಅಂಶಗಳಷ್ಟು ಅವಕಾಶ ಇಟ್ಟುಕೊಳ್ಳುವುದು ಜಾಣತನ. ಅಂತಿಮ ಮಾತು ಮೀಟರಿನದು. ಗಾಜಿನ ಅಂಚಿಗೆ ಸಿಕ್ಕಿಸುವ ಮೀಟರು ಇಳಿಸಬಹುದಾದ ಪಕ್ಕದ ಗಾಜುಗಳಿಗೆ ಸಾಕಾಗುತ್ತದೆ. ಸ್ಥಿರವಾಗಿ ಕೂಡಿಸಿದ ಗಾಜುಗಳಿಗೆ ಒಳಗೊಂದು ಹೊರಗೊಂದು ಇಡುವ ಎರಡು ತುಂಡಿನ ಮೀಟರು ಬೇಕು. ಫಿಲ್ಮ್ ಅಂಟಿಸುವ ಅಂಗಡಿಯಲ್ಲಿ ಕತ್ತರಿ, ಸ್ಕ್ವೀಜಿಗಳಷ್ಟೇ ಇದೂ ಅಗತ್ಯವಾದ ಸಲಕರಣೆ ಎಂದು ತಿಳಿಯಬೇಕು.

7. ತಂಪಿಗೆ ಕಪ್ಪು ಬೇಕೆ?

ಗ್ರಾಹಕರು ಕಪ್ಪು ಫಿಲ್ಮ್ ಕೇಳುವುದಕ್ಕೆ ಎರಡು ಕಾರಣಗಳಿವೆ: ಒಳಗೆ ತಂಪಾಗಿರಬೇಕು, ಹೊರಗಿನವರಿಗೆ ಒಳಗಿನದು ಕಾಣಬಾರದು. ಎರಡನೆಯ ಬೇಡಿಕೆಗೆ ಕಾನೂನಿನಲ್ಲಿ ಜಾಗವಿಲ್ಲ. ಮೊದಲನೆಯ ಬೇಡಿಕೆಗೆ ಕಪ್ಪು ಬಣ್ಣದ ಅಗತ್ಯವಿಲ್ಲ.

ಭೂಮಿಗೆ ತಲಪುವ ಸೂರ್ಯನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ರೂಪದಲ್ಲಿದೆ. ನೇರಳಾತೀತ ಕಿರಣಗಳ ಪಾಲು ತೀರ ಚಿಕ್ಕದು. ಉಳಿದದ್ದು ಕಾಣುವ ಬೆಳಕು. ಕೇವಲ ಬಣ್ಣ ಹಾಕಿದ ಅಗ್ಗದ ಫಿಲ್ಮ್ ಕಾಣುವ ಬೆಳಕನ್ನು ಹೀರಿ ಕಪ್ಪಾಗಿ ಕಾಣುತ್ತದೆ. ಅವಗೆಂಪು ಕಿರಣಗಳಲ್ಲಿ ಬಹುಪಾಲನ್ನು ಒಳಗೆ ಬಿಡುತ್ತದೆ. ಕೆಲವು ವರ್ಷಗಳಲ್ಲಿ ಬಿಸಿಲಿಗೆ ನೇರಳೆ ಬಣ್ಣಕ್ಕೆ ತಿರುಗುವ ಫಿಲ್ಮ್ ಇದೇ ಬಗೆಯದು. ಸೆರಾಮಿಕ್ ಕಣಗಳಿರುವ ಫಿಲ್ಮ್ ಬೆಳಕನ್ನು ಹೆಚ್ಚಾಗಿ ಹಾಯಲು ಬಿಟ್ಟು ಅವಗೆಂಪು ಕಿರಣಗಳನ್ನು ತಡೆಯುತ್ತದೆ. ಲೋಹದ ಲೇಪವಿರುವ ಫಿಲ್ಮ್ ಶಾಖವನ್ನು ಚೆನ್ನಾಗಿ ಪ್ರತಿಫಲಿಸಿದರೂ ರೇಡಿಯೋ ತರಂಗಗಳಿಗೆ ಅಡ್ಡಿ ಮಾಡುತ್ತದೆ. ಅದರ ಹಿಂದೆ ಅಂಟಿಸಿದ ಫಾಸ್ಟ್ಯಾಗ್ ಅನ್ನು ಟೋಲ್ ಕೇಂದ್ರದ ಯಂತ್ರವು ಓದದೆ ಹೋಗಬಹುದು. ಇನ್ನು ಲ್ಯಾಮಿನೇಟೆಡ್ ಗಾಜಿನ ನಡುವಿನ ಪದರವೇ ನೇರಳಾತೀತ ಕಿರಣಗಳನ್ನು ಬಹುತೇಕ ತಡೆಯುವುದರಿಂದ, ಮುಂಭಾಗದ ಗಾಜಿಗೆ ಆ ಕಾರಣಕ್ಕಾಗಿ ಫಿಲ್ಮ್ ಹಾಕಿಸುವುದು ವ್ಯರ್ಥ ವೆಚ್ಚ.

ಇದನ್ನು ಬಿಡಿಸಿ ಹೇಳಬಲ್ಲ ವ್ಯಾಪಾರಿಯು ಕಡಿಮೆ ಬೆಲೆಯ ಕಪ್ಪು ಹಾಳೆಯ ಬದಲು ಹೆಚ್ಚು ಬೆಲೆಯ ತಿಳಿ ಫಿಲ್ಮನ್ನು ಮಾರಬಲ್ಲನು. ಕಾನೂನಿನ ಮಿತಿಯು ಇಲ್ಲಿ ವ್ಯಾಪಾರಕ್ಕೆ ಅಡ್ಡಿಯಲ್ಲ, ಗುಣಮಟ್ಟದ ಸರಕಿಗೆ ಸಹಾಯಕ.

8. ಹೊಣೆ ಯಾರದು?

ದಂಡ ತೆರುವವನು ವಾಹನದ ಮಾಲೀಕ, ಅಂಗಡಿಗೆ ಏನೂ ಆಗದು ಎಂಬ ನಂಬಿಕೆ ಸರಿಯಲ್ಲ. ಹೊಣೆಗಾರಿಕೆಯನ್ನು ಹೀಗೆ ವಿಂಗಡಿಸಬಹುದು.

ಮಾಲೀಕನ ಹೊಣೆ: ಪ್ರತ್ಯೇಕ ಶಿಕ್ಷೆ ಹೇಳದಿರುವ ನಿಯಮೋಲ್ಲಂಘನೆಗಳಿಗೆ ಅಧಿನಿಯಮದ 177ನೇ ಪ್ರಕರಣ ಅನ್ವಯಿಸುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೆ 500 ರೂಪಾಯಿಗಳವರೆಗೆ, ಮುಂದಿನ ಬಾರಿಗಳಿಗೆ 1,500 ರೂಪಾಯಿಗಳವರೆಗೆ ದಂಡವಿದೆ. ಸ್ಥಳದಲ್ಲಿ ರಾಜಿ ಮಾಡಿಕೊಳ್ಳುವ ಮೊತ್ತವನ್ನು 200ನೇ ಪ್ರಕರಣದಡಿ ರಾಜ್ಯ ಸರ್ಕಾರಗಳು ಗೊತ್ತುಪಡಿಸುತ್ತವೆ. ಕಾನೂನು ಒಪ್ಪದ ಮಾರ್ಪಾಡು ಎಂದು ಪರಿಗಣಿಸಿದಲ್ಲಿ 182ಎ ಪ್ರಕರಣದ 4ನೇ ಉಪಪ್ರಕರಣದಂತೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿಗಳ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ನಿಯಮಗಳಿಗೆ ಹೊಂದದ ವಾಹನದ ನೋಂದಣಿಯನ್ನು ಅಮಾನತಿನಲ್ಲಿಡಲು 53ನೇ ಪ್ರಕರಣವು ನೋಂದಣಿ ಪ್ರಾಧಿಕಾರಕ್ಕೆ ಅಧಿಕಾರ ನೀಡಿದೆ. ಟ್ಯಾಕ್ಸಿ ಮೊದಲಾದ ಬಾಡಿಗೆ ವಾಹನಗಳವರು ಎಫ್.ಸಿ. ಪಡೆಯುವ ವೇಳೆಯಲ್ಲಿಯೂ ಇದನ್ನು ಎದುರಿಸಬೇಕಾದೀತು.

ಹೊಸ ವಾಹನಗಳ ಡೀಲರುಗಳ ಹೊಣೆ: ಇದು ಹೆಚ್ಚು ಗಂಭೀರ. ಅಧಿನಿಯಮದ 7ನೇ ಅಧ್ಯಾಯಕ್ಕೆ ಅಥವಾ ಅದರಡಿಯ ನಿಯಮಗಳಿಗೆ ವಿರುದ್ಧವಾದ ಸ್ಥಿತಿಯಲ್ಲಿ ವಾಹನವನ್ನು ಮಾರುವ, ಒಪ್ಪಿಸುವ ಅಥವಾ ಮಾರ್ಪಡಿಸುವ ತಯಾರಕ, ಆಮದುದಾರ ಅಥವಾ ಡೀಲರನಿಗೆ 182ಎ ಪ್ರಕರಣದ 1ನೇ ಉಪಪ್ರಕರಣದಂತೆ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ಪ್ರತಿ ವಾಹನಕ್ಕೆ 1 ಲಕ್ಷ ರೂಪಾಯಿಗಳ ದಂಡ, ಅಥವಾ ಎರಡೂ ಆಗಬಹುದು. ಬಿಡಿಭಾಗಗಳ ಪ್ಯಾಕೇಜಿನೊಂದಿಗೆ ಉಚಿತವಾಗಿ ಫಿಲ್ಮ್ ಹಾಕಿಕೊಡುವ ಪದ್ಧತಿಯುಳ್ಳವರು ಈ ಅಂಶವನ್ನು ಗಮನದಲ್ಲಿಡಬೇಕು.

ಫಿಲ್ಮ್ ಅಂಟಿಸುವ ಅಂಗಡಿಯ ಹೊಣೆ: 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ, ಇಲ್ಲದ ಅನುಮೋದನೆ ಇದೆಯೆಂದು ಹೇಳಿ ಮಾರುವುದು ಅನುಚಿತ ವ್ಯಾಪಾರ ಪದ್ಧತಿ. 'ಆರ್.ಟಿ.ಒ. ಅನುಮೋದಿತ' ಎಂಬ ಫಲಕ ತೂಗುಹಾಕಿ ಶೇ. 30ರ ಫಿಲ್ಮ್ ಮಾರಿದವರಿಂದ ಗ್ರಾಹಕನು ಹಣವನ್ನೂ ಪರಿಹಾರವನ್ನೂ ಕೇಳಬಹುದು. ಬಿಲ್ ಕೊಡದಿರುವುದು ಕೂಡ ಅದೇ ಅಧಿನಿಯಮದಲ್ಲಿ ಅನುಚಿತ ಪದ್ಧತಿಯೆಂದು ಪರಿಗಣಿತವಾಗಿದೆ. ಅಲ್ಲದೆ ತಯಾರಕರು ನೀಡದ ಭರವಸೆಯನ್ನು ಮಾರಾಟಗಾರನು ತಾನಾಗಿ ನೀಡಿ, ಸರಕು ಅದಕ್ಕೆ ತಕ್ಕಂತಿಲ್ಲದೆ ಯಾರಿಗಾದರೂ ಹಾನಿಯಾದಲ್ಲಿ, ಉತ್ಪನ್ನ ಹೊಣೆಗಾರಿಕೆಯು ಆ ಮಾರಾಟಗಾರನ ಮೇಲೆಯೇ ಬರುತ್ತದೆ. ಬಾಯಿಮಾತಿನ ಭರವಸೆಗೆ ಇರುವ ಬೆಲೆಯನ್ನು ಇದರಿಂದ ತಿಳಿಯಬಹುದು.

9. ಅಂಗಡಿಯಲ್ಲಿ ಅನುಸರಿಸಬಹುದಾದ ಕ್ರಮ

1) ವಾಹನ ಬಂದ ಕೂಡಲೇ ಗಾಜನ್ನು ಶುಚಿಗೊಳಿಸಿ, ಫಿಲ್ಮ್ ಹಾಕುವುದಕ್ಕೆ ಮುಂಚೆಯೇ ಪ್ರತಿ ಗಾಜಿನ ಅಳತೆ ತೆಗೆದು ಬರೆದುಕೊಳ್ಳಬೇಕು. ಬರಿಯ ಗಾಜೇ ಮಿತಿಯ ಸಮೀಪದಲ್ಲಿದ್ದರೆ ಕೆಲಸವನ್ನು ಒಪ್ಪಿಕೊಳ್ಳಬಾರದು.

2) ಹಳೆಯ ಫಿಲ್ಮ್ ಇದ್ದರೆ ಅದನ್ನು ಪೂರ್ತಿ ತೆಗೆದ ನಂತರವೇ ಅಳೆಯಬೇಕು. ಹಿಂಭಾಗದ ಗಾಜಿನಲ್ಲಿ ಮಂಜು ಕರಗಿಸುವ ತಂತಿಗೆರೆಗಳಿದ್ದರೆ ಬ್ಲೇಡಿನಿಂದ ಕೆರೆಯಬಾರದು. ಒಂದು ಗೆರೆ ಕಡಿದರೂ ಅದು ಕೆಲಸ ಮಾಡದು.

3) ಅಂಟಿಸಿದ ನಂತರ ಮತ್ತೆ ಅಳೆದು, ಎರಡೂ ಅಳತೆಗಳನ್ನು ಬಿಲ್ಲಿನಲ್ಲಿ ನಮೂದಿಸಬೇಕು. ಫಿಲ್ಮಿನ ತಯಾರಕರ ಹೆಸರು, ಮಾದರಿ ಮತ್ತು ವಿ.ಎಲ್.ಟಿ. ಕೂಡ ಅದರಲ್ಲಿರಬೇಕು. ಬಿಲ್ಲಿನ ಒಂದು ಪ್ರತಿಯನ್ನು ವಾಹನದಲ್ಲಿ ಇಟ್ಟುಕೊಳ್ಳುವಂತೆ ಗ್ರಾಹಕರಿಗೆ ತಿಳಿಸಬೇಕು.

4) ಐ.ಎಸ್. 2553 ಭಾಗ 2ರ 2019ನೆಯ ಆವೃತ್ತಿಗೆ ಹೊಂದುವ ಬಗ್ಗೆ ಸರಬರಾಜುದಾರರಿಂದ ಪರೀಕ್ಷಾ ವರದಿಯ ಪ್ರತಿಯನ್ನು ಲಿಖಿತವಾಗಿ ಪಡೆದಿರಬೇಕು. ಅದನ್ನು ಕೊಡದವರಿಂದ ಸರಕು ಕೊಳ್ಳದಿರುವುದು ಉತ್ತಮ.

5) 2012ರ ತೀರ್ಪು, 2021ರ ತಿದ್ದುಪಡಿ ಮತ್ತು ರಸ್ತೆಯಲ್ಲಿ ಆಕ್ಷೇಪ ಬರುವ ಸಾಧ್ಯತೆ ಇವುಗಳನ್ನು ಗ್ರಾಹಕರಿಗೆ ಮೊದಲೇ ತಿಳಿಸಿ ಸಹಿ ಪಡೆಯಬೇಕು. 'ಪೊಲೀಸರು ಹಿಡಿದರೆ ನಾವು ನೋಡಿಕೊಳ್ಳುತ್ತೇವೆ' ಎಂಬ ಮಾತನ್ನು ಯಾವ ನೌಕರನೂ ಆಡದಂತೆ ಸೂಚನೆ ನೀಡಬೇಕು.

6) ಮಿತಿಗೆ ಒಳಪಡದ ಗಾಢ ಫಿಲ್ಮನ್ನು ಅಂಗಡಿಯಲ್ಲಿ ದಾಸ್ತಾನು ಮಾಡಬಾರದು. ಸರಕು ಇದ್ದರೆ ಮಾರುವ ಆಸೆ ಹುಟ್ಟುತ್ತದೆ. ಅಲ್ಲದೆ ಕಟ್ಟಡಗಳ ಕಿಟಕಿಗೆಂದು ತಯಾರಾದ ಫಿಲ್ಮನ್ನು ವಾಹನಕ್ಕೆ ಬಳಸಬಾರದು.

10. ಕೆಲವು ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೊರದೇಶಗಳಲ್ಲಿ ಹಿಂದಿನ ಆಸನದ ಗಾಜುಗಳು ಪೂರ್ತಿ ಕಪ್ಪಾಗಿರುತ್ತವೆ. ಇಲ್ಲಿ ಏಕೆ ಇಲ್ಲ?

ಉತ್ತರ: ಪ್ರತಿಯೊಂದು ದೇಶದ ನಿಯಮ ಬೇರೆ. ಬ್ರಿಟನ್ನಿನಲ್ಲಿ 1985ರ ಏಪ್ರಿಲ್ 1ರ ನಂತರ ಬಳಕೆಗೆ ಬಂದ ವಾಹನಗಳ ಮುಂಭಾಗದ ಗಾಜಿಗೆ ಶೇ. 75, ಮುಂದಿನ ಪಕ್ಕದ ಗಾಜುಗಳಿಗೆ ಶೇ. 70 ಎಂಬ ಮಿತಿಯಿದ್ದು, ಹಿಂದಿನವುಗಳಿಗೆ ಮಿತಿಯಿಲ್ಲ. ನಮ್ಮ ನಿಯಮ ಎಲ್ಲ ಗಾಜುಗಳಿಗೂ ಅನ್ವಯಿಸುತ್ತದೆ. ಅಲ್ಲಿನ ಚಿತ್ರ ತೋರಿಸಿ ಇಲ್ಲಿ ಕೆಲಸ ಮಾಡಿಸಿಕೊಳ್ಳಲಾಗದು.

ಪ್ರಶ್ನೆ: ಕಾರ್ಖಾನೆಯಿಂದಲೇ ಬಣ್ಣದ ಗಾಜು ಬಂದಿದೆ. ಅಧಿಕಾರಿಗಳು ಆಕ್ಷೇಪಿಸಿದರೆ?

ಉತ್ತರ: ಮಾನಕದ ಗುರುತು ಸಾಮಾನ್ಯವಾಗಿ ಗಾಜಿನ ಮೂಲೆಯಲ್ಲಿ ಅಚ್ಚಾಗಿರುತ್ತದೆ, ಅದನ್ನು ತೋರಿಸಬಹುದು. ಅಂಟಿಸಿದ ಪದರ ಇಲ್ಲವೆಂಬುದು ಗಾಜಿನ ಮೇಲಂಚನ್ನು ನೋಡಿದರೆ ತಿಳಿಯುತ್ತದೆ. ಬದಲಿ ಗಾಜು ಹಾಕಿಸುವಾಗಲೂ ಗುರುತು ಇರುವುದನ್ನೇ ಕೊಳ್ಳಬೇಕು.

ಪ್ರಶ್ನೆ: ಪಕ್ಕದ ಅಂಗಡಿಯವರು ಕೇಳಿದಷ್ಟು ಕಪ್ಪು ಹಾಕಿಕೊಡುತ್ತಾರೆ. ನಾವು ಒಲ್ಲೆವೆಂದರೆ ಗ್ರಾಹಕರು ಅಲ್ಲಿಗೆ ಹೋಗುತ್ತಾರಲ್ಲ?

ಉತ್ತರ: ಇದು ನಿಜವಾದ ಕಷ್ಟ, ಒಬ್ಬೊಬ್ಬರೇ ಇದನ್ನು ಪರಿಹರಿಸಲಾರರು. ಒಂದು ಊರಿನ ಅಂಗಡಿಯವರು ಒಟ್ಟಾಗಿ ಕುಳಿತು, ಮಿತಿ ಮೀರಿದ ಫಿಲ್ಮನ್ನು ಯಾರೂ ಹಾಕುವುದಿಲ್ಲವೆಂದು ನಿರ್ಣಯಿಸಿ, ಅದನ್ನು ಸ್ಥಳೀಯ ಸಾರಿಗೆ ಹಾಗೂ ಸಂಚಾರ ಪೊಲೀಸ್ ಅಧಿಕಾರಿಗಳಿಗೆ ಬರೆದು ತಿಳಿಸಿದರೆ ಎರಡು ಪ್ರಯೋಜನಗಳಿವೆ. ಸ್ಪರ್ಧೆ ಸಮಾನವಾಗುತ್ತದೆ, ಮಿತಿಯೊಳಗಿನ ಕೆಲಸವನ್ನು ಅಳೆದು ಒಪ್ಪಿಕೊಳ್ಳಿರೆಂದು ಕೇಳುವ ನೈತಿಕ ಬಲವೂ ದೊರೆಯುತ್ತದೆ.

ಉಪಸಂಹಾರ

2012ರಲ್ಲಿ ಈ ಉದ್ಯಮವು ಒಂದೇ ವಾರದಲ್ಲಿ ನೆಲ ಕಳೆದುಕೊಂಡಿತು. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷಗಳಿಗೂ ಹೆಚ್ಚು ಕಾಲ ನಿಯಮ ಪುಸ್ತಕದಲ್ಲಿತ್ತು. ಅಳೆಯುವವರೂ ಕೇಳುವವರೂ ವಿರಳವಾಗಿದ್ದರು. ಮಿತಿಯನ್ನು ಎಲ್ಲರೂ ಪಾಲಿಸಿದ್ದರೆ ಸಂಪೂರ್ಣ ನಿಷೇಧದ ಮಾತು ಬರುತ್ತಿತ್ತೇ ಎಂಬುದು ಉದ್ಯಮವು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ. ತಿದ್ದುಪಡಿಯ ರೂಪದಲ್ಲಿ ಈಗ ಒಂದು ಕಿರಿದಾದ ಬಾಗಿಲು ತೆರೆದಿದೆ. ಅಳೆದು ಅಂಟಿಸುವವರಿದ್ದರೆ ಆ ಬಾಗಿಲು ತೆರೆದೇ ಇರುತ್ತದೆ. ಅದರ ನೆಪದಲ್ಲಿ ಮತ್ತೆ ಗಾಢ ಕಪ್ಪನ್ನೇ ಮಾರತೊಡಗಿದರೆ ಅದು ಮುಚ್ಚುವುದಕ್ಕೆ ಇನ್ನೊಂದು ಅರ್ಜಿ ಸಾಕು. ಸದಸ್ಯರು ತಮ್ಮ ನಿರ್ದಿಷ್ಟ ಸಂದರ್ಭಗಳಲ್ಲಿ ವಕೀಲರ ಸಲಹೆ ಪಡೆಯುವುದರ ಜೊತೆಗೆ, ಒಂದು ಮೀಟರನ್ನು ಕೊಂಡು ಬಳಸಲು ಆರಂಭಿಸಬೇಕೆಂದು ಈ ಮೂಲಕ ಕೋರಲಾಗಿದೆ.